ಕೊನೆಗೆ ಉಣ್ಣುವವನ ಮನೆ

ನಮ್ಮ ಮನೆಯಲ್ಲಿ ಊಟದ ಹೊತ್ತು ಎಂಬುದೇ ಇರಲಿಲ್ಲ. ಮಳೆಗಾಲ ಮುಗಿದು, ಕಡಲು ತಿಳಿಯಾಗಿ, ಬಂಗಡೆಯ ಹಿಂಡು ದಡದ ಹತ್ತಿರ ಬರತೊಡಗಿದ ಮೇಲೆ ಅಪ್ಪ ಯಾವಾಗ ಉಣ್ಣುತ್ತಾನೆಂದು ಹೇಳಲು ನನ್ನನ್ನು ಹೆತ್ತ ಆಯಿಗೂ ಬರುತ್ತಿರಲಿಲ್ಲ. ಅಪ್ಪ ಅಂಕೋಲೆಯ ಹತ್ತಿರದ ಅವರ್ಸಾ ಊರಿನ ನಮ್ಮ ದಂಡೆಯ ರಂಪಣಿಗೆ ತಾಂಡೇಲನಾಗಿದ್ದ. ಈಗಿನ ಮಕ್ಕಳಿಗೆ ರಂಪಣಿ ಎಂದರೆ ಬಿಡಿಸಿ ಹೇಳಬೇಕಾಗುತ್ತದೆ. ಅದು ಅರ್ಧ ಊರನ್ನೇ ಸುತ್ತಿ ಬರುವಷ್ಟು ಉದ್ದದ ಬಲೆ. ದೋಣಿಯಲ್ಲಿ ಹೋಗಿ ಅದನ್ನು ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರಬೇಕು. ಆಮೇಲೆ ಎರಡೂ ತುದಿಯ ಹಗ್ಗ ಹಿಡಿದು ಊರಿಗೆ ಊರೇ ದಡದಲ್ಲಿ ನಿಂತು ಎಳೆಯಬೇಕು. ಎಲ್ಲಿ ಬಲೆ ಬಿಡಬೇಕು, ಯಾವಾಗ ಎಳೆಯಬೇಕು ಎಂದು ಹೇಳುವವನು ತಾಂಡೇಲ. ಅವನ ಮಾತಿಗೆ ಎದುರು ಮಾತಿಲ್ಲ. ಅದಕ್ಕೆ ಪ್ರತಿಯಾಗಿ ದಂಡೆಯ ಜನ ಅವನಿಂದ ಕೇಳುತ್ತಿದ್ದುದು ಒಂದೇ ಒಂದು. ಎಳೆದವರ ಪಾಲೆಲ್ಲ ಹಂಚಿ ಮುಗಿಯುವ ತನಕ ಅವನ ಮನೆಯ ಒಲೆಯ ಮೇಲೆ ಮೀನು ಏರಕೂಡದು. ಎಳೆದವರು ಎಂದರೆ ಗಟ್ಟಿಯಾಗಿ ಎಳೆದವರು ಮಾತ್ರವಲ್ಲ. ಮೈಯಲ್ಲಿ ಶಕ್ತಿ ಇಲ್ಲದ ಮುದುಕಿ ಬಂದು ಹಗ್ಗದ ತುದಿಯನ್ನು ಸುಮ್ಮನೆ ಮುಟ್ಟಿದರೂ ಅವಳಿಗೆ ಒಂದು ಬೊಗಸೆ ಮೀನು ಕೊಡಲೇಬೇಕು. ಹೀಗಾಗಿ ನಾನು ಚಿಕ್ಕವಳಿದ್ದಾಗ ಅಕ್ಕಪಕ್ಕದ ಮನೆಗಳಿಂದ ಸಾರಿನ ಪರಿಮಳ ಬಂದು ಎಷ್ಟೋ ಹೊತ್ತಾದ ಮೇಲೆ ನಮ್ಮ ಮನೆಯಲ್ಲಿ ಮಸಾಲೆ ಅರೆಯುವ ಸದ್ದು ಶುರುವಾಗುತ್ತಿತ್ತು. ಹಸಿದು ಅಳುತ್ತಿದ್ದ ನನಗೆ ಆಯಿ ಗಂಜಿ, ಉಪ್ಪಿನಕಾಯಿ ಕೊಟ್ಟು, ತಾಂಡೇಲನ ಮನೆ ಅಂದ್ರೆ ಹೀಂಗೇ ಎನ್ನುತ್ತಿದ್ದಳು.

ಮನೆ ದೊಡ್ಡದೇನಲ್ಲ. ಕಡಲಿಗೆ ಮುಖ ಮಾಡಿದ ಉದ್ದನೆಯ ಜಗಲಿ, ಕತ್ತಲ ನಡುಮನೆ, ಹಿಂದೆ ಅಡುಗೆ ಮನೆ. ಎಡಕ್ಕೆ ಬಲೆ ಇಡುವ ಕೋಣೆ. ಅದರ ವಾಸನೆ ನಮ್ಮ ಬಟ್ಟೆಗೂ, ಪಾಟಿಚೀಲಕ್ಕೂ ಹಿಡಿದಿತ್ತು. ಶಾಲೆಯಲ್ಲಿ ಯಾರಾದರೂ ಮೂಗು ಮುಚ್ಚಿಕೊಂಡರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಜಗಲಿಯ ಬಲತುದಿಯ ಕೋಣೆಯಲ್ಲಿ ಲೂಜಿಬಾಯೋರು ಇದ್ದರು. ಕಾರವಾರದ ಕೋಡಿಬಾಗದ ಕ್ರಿಶ್ಚನ್ನರು, ನಮ್ಮ ಶಾಲೆಯ ಟೀಚರು. ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಊರಿಗೆ ಹೋದರೆ ಸೋಮವಾರ ಬೆಳಿಗ್ಗೆ ಬೇಕರಿಯ ಪಾವಿನ ರೊಟ್ಟಿಯ ಪೊಟ್ಟಣದೊಂದಿಗೆ ಬರುವರು. ಅವರ ಬಳಿ ಹಳೆಯದೊಂದು ಕನ್ನಡ ಬೈಬಲ್ ಇತ್ತು. ಅದರ ಕನ್ನಡ ನಮ್ಮ ಕನ್ನಡದ ಹಾಗಿರಲಿಲ್ಲ, ಅದಕ್ಕಾಗಿ ಬಾಯೋರು ಮೊದಲು ಮನಸ್ಸಿನಲ್ಲೇ ಓದಿಕೊಂಡು ಆಮೇಲೆ ನಮ್ಮ ಭಾಷೆಯಲ್ಲಿ ಹೇಳುತ್ತಿದ್ದರು. ದೀಪ ಹಚ್ಚಿದ ಮೇಲೆ ಊಟದ ತನಕ ಜಗಲಿಯಲ್ಲಿ ನಾನು, ಆಯಿ, ಕೆಲವೊಮ್ಮೆ ಅಪ್ಪನೂ ಕೇಳುವವರು. ಆಯಿಗೆ ಅದು ಬೇರೆ ಧರ್ಮದ ಪುಸ್ತಕ ಎನ್ನಿಸುತ್ತಲೇ ಇರಲಿಲ್ಲ. ಕಥೆಯ ನಡುವೆ ತುಳಸಿಗೆ ದೀಪ ಇಟ್ಟು ಬಂದು, ಮತ್ತೆ ಎಂತಾ ಆಯ್ತು ಬಾಯೋರೆ ಎಂದು ಕೂರುತ್ತಿದ್ದಳು. ನನಗೆ ಬಹಳ ಸೇರಿದ್ದು ಒಬ್ಬ ರಾಜನ ಕಥೆ. ಅವನು ಅರಮನೆಯ ಮಾಳಿಗೆಯ ಮೇಲೆ ನಿಂತು, ಇದೆಲ್ಲ ನಾನೇ ಕಟ್ಟಿದ್ದು ಎಂದನಂತೆ. ಅಂದ ಗಳಿಗೆಯಲ್ಲೇ ಬುದ್ಧಿ ಹೋಗಿ, ಗದ್ದೆಗಿಳಿದು ಎತ್ತಿನ ಹಾಗೆ ಹುಲ್ಲು ಮೇಯತೊಡಗಿದನಂತೆ. ನಾನು ಅಂಗಳದಲ್ಲಿ ನಾಲ್ಕು ಕಾಲಲ್ಲಿ ನಡೆದು ಹುಲ್ಲು ಕಚ್ಚಿ ತೋರಿಸಿದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅಪ್ಪನೇ.

ಒಂದು ವರ್ಷ ಕಡಲು ಕೈಬಿಚ್ಚಿ ಕೊಟ್ಟಿತು. ಬಲೆ ಬಿಟ್ಟಾಗಲೆಲ್ಲ ತುಂಬಿ ಬಂತು. ಬೆಳಂಬಾರದವರು, ಆಚೆ ಊರಿನವರು ಎಲ್ಲ ಬಂದು ಅಪ್ಪನ ಕೈಗುಣ ಹೊಗಳಿದರು. ಗಣಪು ತಾಂಡೇಲ ಕರೆದ್ರೆ ಮೀನು ಓಡಿ ಬತ್ತದೆ ಎಂದು ಯಾರೋ ತಮಾಷೆಗೆ ಹೇಳಿದ್ದನ್ನು ಅಪ್ಪ ನಿಜವೆಂದೇ ನಂಬಿದ. ಆ ವರ್ಷವೇ ಗೋವೆಯ ಹಳೆಯ ಮನೆಯೊಂದರಿಂದ ಮಂಚ ಬಂತು. ಕರಿ ಮರದ್ದು. ತಲೆದೆಸೆಗೆ ದ್ರಾಕ್ಷಿ ಗೊಂಚಲು, ಹಕ್ಕಿ, ಎಲ್ಲ ಕೊರೆದಿದ್ದರು. ನಾಲ್ಕು ಜನ ಹೊತ್ತು ತಂದರೂ ನಡುಮನೆಯ ಬಾಗಿಲಲ್ಲಿ ಅದು ಹಿಡಿಸಲಿಲ್ಲ. ಸರಿ, ಜಗಲಿಯಲ್ಲೇ ಇಟ್ಟರು. ಚಾಪೆಯ ಮೇಲೆ ಮಲಗಿ ಕೋಳಿ ಕೂಗುವ ಮೊದಲೇ ಎದ್ದು ನೀರು ನೋಡಲು ಹೋಗುತ್ತಿದ್ದ ಮನುಷ್ಯ ಆ ಮಂಚದ ಮೇಲೆ ಒರಗಿ, ಇಲ್ಲಿಂದ್ಲೇ ಕಡಲು ಕಾಣ್ತದಲ್ಲ, ಹೋಗುದೆಂತಕ್ಕೆ ಎನ್ನತೊಡಗಿದ. ಅಂಥ ಒಂದು ಸಂಜೆ ಬಾಯೋರು ಒಬ್ಬ ಕುರಿ ಕಾಯುವವನ ಕಥೆ ತೆಗೆದರು. ಮಂಚ ನೋಡಿಯೇ ತೆಗೆದರೋ, ಓದಿನ ಸರದಿಯಲ್ಲಿ ಅದೇ ಬಂತೋ, ನನಗೆ ಗೊತ್ತಿಲ್ಲ.

"ಅವ ದೊಡ್ಡೋರ ಊರಿಗೆ ಹೋಗಿ ಬೈದ. ನೀವು ದಂತದ ಮಂಚದ ಮೇಲೆ ಬಿದ್ಕಂಡಿದ್ರಿ, ಹಿಂಡಿನಲ್ಲಿ ಎಳೇದು ಯಾವ್ದೋ ಅದನ್ನೇ ಆರ್ಸಿ ತಿಂತ್ರಿ, ಬೋಗುಣಿಲಿ ಕುಡೀತ್ರಿ. ನಿಮ್ಮ ಜನ ಹಾಳಾಗ್ತಾ ಇದ್ರೂ ನಿಮ್ಗೆ ಸಂಕಟ ಇಲ್ಲ. ಕೆಟ್ಟ ದಿನ ದೂರದಲ್ಲದೆ ಅಂತ ನೆನ್ಸಿದ್ರಿ. ಸೆರೆ ಹೋಗುವಾಗ ಮೊದ್ಲು ಹೋಗೂರು ನೀವೇ, ಅಂದ."

"ನಮ್ದು ದಂತದ್ದಲ್ಲ ಬಾಯೋರೆ, ಮರದ್ದು," ಎಂದ ಅಪ್ಪ, ಮಲಗಿದಲ್ಲಿಂದಲೇ.

ಆಯಿ ನಗುತ್ತ, "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದ್ನಂತೆ" ಎಂದಳು. ಅಪ್ಪನೂ ನಕ್ಕ. ಬಾಯೋರು ನಗಲಿಲ್ಲ. ಕಳ್ಳರಿಗೆ, ಕೊಲೆಗಾರರಿಗೆ ಹೇಳಿದ ಮಾತು ಅದಲ್ಲ, ಸುಖವಾಗಿ ಕೂತವರಿಗೆ ಹೇಳಿದ್ದು ಎಂದಷ್ಟೇ ಹೇಳಿ ಪುಸ್ತಕ ಮುಚ್ಚಿದರು.

ಮಂಚದ ಹಿಂದೆಯೇ ಉಳಿದದ್ದೂ ಬಂತು. ಗೋವೆಯ ಬಾಟಲಿ ಬಂತು, ಅದರ ಜೊತೆಗೆ ಜಗಲಿ ತುಂಬ ಸ್ನೇಹಿತರು ಬಂದರು, ಅವರಿಗೆ ಕೋಳಿ ಸಾರು, ವಡೆ ಆಗಬೇಕಾಯಿತು. ಪಾಲು ಹಂಚುವ ಮೊದಲೇ ಬುಟ್ಟಿಯ ಮೇಲಿನ ದಪ್ಪ ಬಂಗಡೆಗಳು ನಮ್ಮ ಮನೆಗೆ ಬರತೊಡಗಿದವು. ಮೊದಲ ದಿನ ಆಯಿ ಅದನ್ನು ಮುಚ್ಚಿಟ್ಟು ಕಾದಳು, ಎರಡನೆಯ ದಿನವೂ ಕಾದಳು. ಮೂರನೆಯ ದಿನ ಅಪ್ಪ ಸ್ನೇಹಿತರ ಎದುರಿಗೇ ರೇಗಿದ ಮೇಲೆ ಒಲೆ ಹಚ್ಚಿದಳು. ನಾನು ಬೇಸರಪಟ್ಟೆನೆಂದು ಬರೆದರೆ ಸುಳ್ಳಾಗುತ್ತದೆ. ಬಿಸಿ ಮೀನು ಹೊತ್ತಿಗೆ ಸರಿಯಾಗಿ ಸಿಕ್ಕಿದ್ದಕ್ಕೆ ನನಗೆ ಖುಷಿಯೇ ಆಗಿತ್ತು. ಹಗ್ಗ ಮುಟ್ಟಿದ ಮುದುಕಿಯರಿಗೆ ಬೊಗಸೆ ಮೀನು ಹಾಕುವ ಕೆಲಸವನ್ನು ಅಪ್ಪ ಆ ವರ್ಷ ನನಗೆ ಕೊಟ್ಟಿದ್ದ. ನಾನು ಬುಟ್ಟಿಯ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದೆ. ಒಮ್ಮೆ ದೇವಮ್ಮ ಎಂಬ ಮುದುಕಿ ಸೆರಗು ಒಡ್ಡಿದಾಗ, ನೀ ಹಗ್ಗ ಮುಟ್ಟಿದ್ದು ನಾ ಕಾಣ್ಲಿಲ್ಲ ಎಂದುಬಿಟ್ಟೆ. ಅವಳು ಮುಟ್ಟಿದ್ದನ್ನು ನಾನು ನೋಡಿದ್ದೆ. ನನ್ನನ್ನು ಅವಳು ಇನ್ನೊಮ್ಮೆ ಬೇಡಲಿ ಎಂಬುದಷ್ಟೇ ನನಗೆ ಬೇಕಿತ್ತು. ಅವಳು ಬೇಡಲಿಲ್ಲ, ಸೆರಗು ಕೊಡವಿಕೊಂಡು ನಡೆದುಬಿಟ್ಟಳು. ಹತ್ತು ವರ್ಷದ ಹುಡುಗಿಗೆ ಅಷ್ಟು ಸೊಕ್ಕು ಎಲ್ಲಿಂದ ಬಂತೆಂದು ಈಗ ಆಶ್ಚರ್ಯವಾಗುತ್ತದೆ. ಬೇರೆ ಎಲ್ಲಿಂದ ಬರಬೇಕು, ಮನೆಯಲ್ಲೇ ಬೆಳೆಯುತ್ತಿತ್ತು.

ಆ ಹಂಗಾಮಿನ ಕೊನೆಗೆ ಒಂದು ಗುರುವಾರ ಬೆಳಿಗ್ಗೆ ದೊಡ್ಡ ಹಿಂಡು ಸಿಕ್ಕಿತು. ನೀರು ಕಪ್ಪಾಗಿ ಕುದಿಯುತ್ತಿತ್ತು, ಮೇಲೆ ಹಕ್ಕಿಗಳು. ದೋಣಿ ಸುತ್ತು ಹಾಕಿ ಬಂತು, ಎರಡೂ ತುದಿ ದಡಕ್ಕೆ ಬಂದವು, ಹಿಂಡು ಪೂರ್ತಿ ಬಲೆಯ ಒಳಗೆ. ರಂಪಣಿಯಲ್ಲಿ ಒಂದು ಅನುಕೂಲವಿದೆ. ಕಡಲು ಸುಮ್ಮನಿದ್ದರೆ ಮೀನನ್ನು ಕೂಡಲೇ ಎಳೆಯಬೇಕೆಂದಿಲ್ಲ. ಬಲೆಯ ಗೋಡೆಯೊಳಗೆ ಜೀವಂತ ಬಿಟ್ಟು, ಒಂದು ದಿನ, ಎರಡು ದಿನ ಕಾದು, ಬೇಕಾದಾಗ ತೆಗೆಯಬಹುದು. ಅಪ್ಪ ಮರುದಿನದ ತನಕ ಬಿಡಲು ಹೇಳಿದ. ಕಾರಣವಿತ್ತು. ಶುಕ್ರವಾರ ಕಾರವಾರದ ಕಡೆಯಿಂದ ಒಬ್ಬ ದೊಡ್ಡ ಮನುಷ್ಯ ಅಂಕೋಲೆಗೆ ಬರುವವನಿದ್ದ. ಅವನನ್ನು ನಮ್ಮ ದಂಡೆಗೆ ಕರೆಸಿ, ಮೊದಲ ಹಗ್ಗ ಅವನ ಕೈಗೆ ಕೊಟ್ಟು, ಇಡೀ ಹಿಂಡನ್ನು ಅವನ ಕಣ್ಣೆದುರು ದಡಕ್ಕೆ ತಂದು, ಆಮೇಲೆ ನಮ್ಮ ಜಗಲಿಯಲ್ಲಿ ಊಟ ಹಾಕಿಸಬೇಕೆಂದು ಅಪ್ಪ ಹಾಕಿಕೊಂಡಿದ್ದ. ಮೀನು ಎಳೆಯದೆ ಊಟಕ್ಕೆ ಮಸಾಲೆ ಹುರಿಯುವುದು ಆಯಿಗೆ ಇಷ್ಟವಾಗಲಿಲ್ಲ. ಕೂಸು ಹುಟ್ಟುವ ಮೊದ್ಲೇ ಕುಲಾವಿ ಹೊಲ್ಸಿದ್ರಂತೆ ಎಂದು ಗೊಣಗುತ್ತಲೇ ಹುರಿದಳು. ನಾನು ಜಗಲಿಯ ಬಾಗಿಲ ಹಿಂದೆ ಕೂತು ಆ ದೊಡ್ಡ ಮನುಷ್ಯನಿಗೆ ಅಬ್ಬಲಿಗೆ ಹೂವಿನ ಮಾಲೆ ಕಟ್ಟುತ್ತಿದ್ದೆ.

ಪಾಂಡಜ್ಜ ಬಂದದ್ದು ಆಗಲೇ. ನೀರು ನೋಡಿ ತಾಂಡೇಲನಿಗೆ ಹೇಳುವುದು ಪಾಂಡಜ್ಜನ ಕೆಲಸ. ನನ್ನ ಅಜ್ಜ ತಾಂಡೇಲನಾಗಿದ್ದ ಕಾಲದಿಂದಲೂ ಅವನೇ ಅದನ್ನು ಮಾಡುತ್ತಿದ್ದ. ಒಂದು ಕಣ್ಣು ಆಗಲೇ ಮಂಜಾಗಿತ್ತು, ಆದರೆ ಅವನು ಕಡಲನ್ನು ಕಣ್ಣಿಗಿಂತ ಹೆಚ್ಚಾಗಿ ಅಂಗಾಲಿನಿಂದ ನೋಡುತ್ತಿದ್ದ. ಅಪ್ಪ ಊಟ ಮುಗಿಸಿ ಮಂಚದ ಮೇಲಿದ್ದ. ಜಗಲಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಗಣಪೂ, ಬಲೆ ಇವತ್ತೇ ಎಳೀಬೇಕು ಮಾರಾಯ. ಕಾಲ ಕೆಳ್ಗಿನ ಹೊಯ್ಗೆ ಜಾರ್ತಾ ಅದೆ. ಅಲೆ ಬುಡದಿಂದ ಏಳ್ತಾ ಅದೆ."

"ಗಾಳಿ ಎಲ್ಲದೆ ಅಜ್ಜಾ? ಎಲೆ ಅಲ್ಲಾಡ್ತಾ ಇಲ್ಲ."

"ಗಾಳಿ ದೂರದಲ್ಲದೆ. ನೀರಿಗೆ ಮೊದ್ಲು ಗೊತ್ತಾತದೆ."

"ಬಲೆ ಒಳ್ಗಿದ್ದ ಮೀನು ಎಲ್ಲಿ ಹೋತದೆ? ನಾಳೆ ಎಳ್ಯೂದು. ನಾ ಹೇಳಿದ್ದೇನೆ."

"ನೀ ಒಂದು ಸಲ ದಂಡೆಗೆ ಇಳಿದು ಕಾಲು ಇಟ್ಟು ನೋಡು. ಅಷ್ಟೇ ಹೇಳೂದು ನಾನು."

ಅಪ್ಪ ಮಗ್ಗಲು ಬದಲಿಸಿ ಗೋಡೆಯ ಕಡೆ ತಿರುಗಿದ. ಪಾಂಡಜ್ಜ ಮೆಟ್ಟಿಲ ಮೇಲೆ ನಿಂತೇ ಮುಂಡಾಸು ತೆಗೆದು ಕೊಡವಿ ಮತ್ತೆ ಸುತ್ತಿಕೊಂಡು ಹೋದ. ನಾನು ಮಾಲೆ ಕಟ್ಟುವುದನ್ನು ಮುಂದುವರಿಸಿದೆ.

ಶುಕ್ರವಾರ ಬೆಳಗಾಗುವಾಗ ಕಡಲು ಕೆಂಪು ನೀರಿನ ಗುಡ್ಡೆಯಾಗಿತ್ತು. ನಾನೂ ಆಯಿಯೂ ಓಡಿ ಹೋಗುವಷ್ಟರಲ್ಲಿ ದಂಡೆ ತುಂಬ ಜನ ಹಗ್ಗಕ್ಕೆ ಜೋತುಬಿದ್ದಿದ್ದರು. ಎಳೆದರೆ ಬಲೆ ಹರಿಯುತ್ತಿತ್ತು, ಬಿಟ್ಟರೆ ಕಡಲು ಒಯ್ಯುತ್ತಿತ್ತು. ಕೊನೆಗೆ ನಡುವಿನ ಭಾಗವೇ ಬಾಯಿ ಬಿಟ್ಟಿತು. ಹಿಂಡಿಗೆ ಹಿಂಡೇ ಹೋಯಿತು; ಎಷ್ಟೋ ಮನೆಯವರು ಹಂಗಾಮು ಹಂಗಾಮು ಕೂತು ನೇಯ್ದು ಸೇರಿಸಿದ್ದ ಬಲೆ ಗಂಟು ಗಂಟಾಗಿ ದಡಕ್ಕೆ ಬಂದು ಬಿತ್ತು. ಹೆಂಗಸರು ಖಾಲಿ ಬುಟ್ಟಿ ಕವುಚಿ ಅದರ ಮೇಲೆ ಕೂತರು. ಆ ದೊಡ್ಡ ಮನುಷ್ಯ ಅಂಕೋಲೆಯಿಂದಲೇ ತಿರುಗಿ ಹೋದನೆಂದು ಮಧ್ಯಾಹ್ನ ತಿಳಿಯಿತು. ಯಾರೋ ಒಬ್ಬರು ಮೆಲ್ಲಗೆ, ನೀರು ನೋಡುವವರು ಯಾರೂ ಹೇಳಲಿಲ್ಲವೇ ಎಂದು ಕೇಳಿದರು. ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪ ಪಾಂಡಜ್ಜನ ಕಡೆ ನೋಡದೆಯೇ ಹೇಳಿದ.

"ನಂಗೆ ಯಾರೂ ಹೇಳ್ಲಿಲ್ಲ. ಕಣ್ಣು ಹೋದೋರನ್ನ ನಂಬ್ಕಂಡು ಕೂತದ್ದು ನನ್ನ ತಪ್ಪು."

ಪಾಂಡಜ್ಜ ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ. ಅಪ್ಪನನ್ನು ನೋಡಿದ, ನನ್ನನ್ನೂ ಒಮ್ಮೆ ನೋಡಿದ. ಎದ್ದು ಕೇದಿಗೆ ಬೇಲಿಯ ಆಚೆಯ ತನ್ನ ಮನೆಗೆ ಹೋದ. ಆ ದಿನದಿಂದ ಅವನನ್ನು ಯಾರೂ ನೀರಿನ ವಿಷಯ ಕೇಳಲಿಲ್ಲ. ಇಡೀ ದಂಡೆಯನ್ನು ಮುಳುಗಿಸಿದ ಮುದುಕ ಎಂದು ಹೆಂಗಸರು ಬಾವಿಕಟ್ಟೆಯಲ್ಲಿ ಮಾತಾಡಿಕೊಂಡರು. ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಿದರು. ನಾನು ನಾಲ್ಕು ದಿನ ಸುಮ್ಮನಿದ್ದೆ. ಅಪ್ಪನ ಭಯ ಇತ್ತು, ಇಲ್ಲವೆನ್ನಲಾರೆ. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ನಿಜ ಹೇಳಿದರೆ ನಾನು ತಾಂಡೇಲನ ಮಗಳಾಗಿ ಉಳಿಯುವುದಿಲ್ಲ ಎಂಬುದು ನನಗೆ ತಿಳಿದಿತ್ತು. ಸೋಮವಾರ ಸಂಜೆ ಬಾಯೋರ ಹತ್ತಿರ ಹೋಗಿ, ಆ ಕುರಿ ಕಾಯುವವ ಬೈದ ಮೇಲೆ ಎಂತಾ ಆಯ್ತು ಎಂದು ಕೇಳಿದೆ.

"ಎಂತಾ ಆಗ್ತದೆ ತಂಗಿ? ಓಡು ಇಲ್ಲಿಂದ, ನಿನ್ನ ಊರಿಗೆ ಹೋಗಿ ಮಾತಾಡು ಅಂದ್ರು."

"ಅವ ಹೋದ್ನಾ?"

"ಹೇಳೂದು ಮುಗ್ಸೇ ಹೋದ," ಎಂದು ಬಾಯೋರು ನನ್ನ ಮುಖವನ್ನೇ ನೋಡಿದರು. "ನಿಂಗೆ ಎಂತಾದ್ರೂ ಹೇಳೂದದೆಯಾ?"

ಇಲ್ಲ ಎಂದು ಓಡಿ ಬಂದೆ.

ಮಂಗಳವಾರ ಶಾಲೆಯಿಂದ ಬಂದವಳೇ ದಣಿದು ಅಪ್ಪನ ಮಂಚದ ಮೇಲೆ ಬಿದ್ದುಕೊಂಡೆ. ಕಾಲಲ್ಲಿ ಮರಳಿತ್ತು. ಅಪ್ಪ ಒಳಗಿನಿಂದ ಬಂದು, ಏಳು, ಅದ್ರ ಮೇಲೆ ಮಲಗುಕೆ ನೀ ಯಾರು ಎಂದು ಕೆನ್ನೆಗೆ ಹೊಡೆದ. ಆ ತನಕ ಅಪ್ಪ ನನಗೆ ಹೊಡೆದವನಲ್ಲ. ಆಯಿ ಅಡುಗೆ ಮನೆಯಿಂದ ಬಂದಳು. ಬಾಯೋರು ತಮ್ಮ ಬಾಗಿಲಲ್ಲಿ ನಿಂತಿದ್ದರು. ನಾನು ಎದ್ದು ನಿಂತು ದಂಡೆಗೆ ಕೇಳುವ ಹಾಗೆ ಕಿರುಚಿದೆ.

"ಪಾಂಡಜ್ಜ ಹೇಳಿದ್ದ! ಇದೇ ಮೆಟ್ಟಿಲ ಮೇಲೆ ನಿಂತು ಹೇಳಿದ್ದ, ಇವತ್ತೇ ಎಳಿ ಅಂತ! ನೀ ಗೋಡೆ ಕಡೆ ತಿರುಗಿ ಮಲಗಿದ್ದೆ! ಸುಳ್ಳ ನೀ!"

ಅಪ್ಪನ ಕೈ ಇನ್ನೊಮ್ಮೆ ಎದ್ದಿತು, ಇಳಿಯಿತು. ಅಪ್ಪ ಆಯಿಯನ್ನು ನೋಡಿದ. ಆಯಿ ಒಳಗೆ ಹೋಗಿ ಒಲೆಯ ಮೇಲಿದ್ದ ಪಾತ್ರೆ ಇಳಿಸಿ, ಬೆಂಕಿಗೆ ನೀರು ಹಾಕಿದಳು. ಚುಂಯ್ ಎಂಬ ಸದ್ದು ಜಗಲಿಯ ತನಕ ಕೇಳಿತು. ಅಂದು ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ, ಬಾಯೋರು ಕೊಟ್ಟ ಪಾವನ್ನು ನಾನು ಕದ್ದು ತಿಂದದ್ದು ಬಿಟ್ಟರೆ.

ಬೆಳಿಗ್ಗೆ ದಂಡೆಯಲ್ಲಿ ಎಲ್ಲರೂ ಹರಿದ ಬಲೆ ಹರಡಿಕೊಂಡು ರಿಪೇರಿಗೆ ಕೂತಿದ್ದರು. ಅಪ್ಪ ಹೋಗಿ ನಡುವೆ ನಿಂತ. ಆಯಿ ನನ್ನ ಕೈ ಹಿಡಿದು ಸ್ವಲ್ಪ ಹಿಂದೆ ನಿಂತಳು. ಪಾಂಡಜ್ಜ ನಂಗೆ ಹೇಳಿದ್ದ, ನಾ ಕೇಳ್ಲಿಲ್ಲ, ಮತ್ತೆ ನಿಮ್ಮೆದ್ರಿಗೆ ಸುಳ್ಳು ಹೇಳ್ದೆ ಎಂದ ಅಪ್ಪ. ಮೂರೇ ಮಾತು. ಹೊಗಳಿಸಿಕೊಳ್ಳುವಾಗ ಎಷ್ಟು ನೆಟ್ಟಗೆ ನಿಲ್ಲುತ್ತಿದ್ದನೋ ಅಷ್ಟೇ ನೆಟ್ಟಗೆ ನಿಂತಿದ್ದ. ತಾಂಡೇಲ ಬೇರೆಯವರು ಆಗಲಿ ಎಂದು ಅವನೇ ಹೇಳಿದ. ಬೇಡ ಎಂದು ಯಾರೂ ತಡೆಯಲಿಲ್ಲ. ಒಬ್ಬರಾದರೂ ತಡೆಯುತ್ತಾರೆ ಎಂದು ಅವನು ಕಾದನೆಂಬುದು, ಅವನು ಅಲ್ಲಿ ಹೆಚ್ಚು ಹೊತ್ತು ನಿಂತದ್ದರಿಂದ ನನಗೆ ತಿಳಿಯಿತು. ಆಗ ನನಗೆ ಅಪ್ಪನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಓಡಿ ಹೋಗಿ ಅವನ ಕಾಲು ತಬ್ಬಿಕೊಳ್ಳಬೇಕು ಎನ್ನಿಸಿತು. ಆಯಿ ಬಿಡಲಿಲ್ಲ. ಆಮೇಲೆ ಅಪ್ಪ ಬಲೆಯ ಒಂದು ಮೂಲೆಯಲ್ಲಿ ಕೂತು, ಪಕ್ಕದವನ ಹತ್ತಿರ ದಾರ ಕೇಳಿ ಇಸಕೊಂಡು, ಗಂಟು ಬಿಡಿಸತೊಡಗಿದ. ಮುಂದೆ ರಂಪಣಿ ನಿಲ್ಲುವ ತನಕ ಅವನು ಎಲ್ಲರ ಹಾಗೆ ಹಗ್ಗ ಎಳೆದ.

ಆ ಸಂಜೆ ಅವನು ನನ್ನನ್ನು ಹತ್ತಿರ ಕೂರಿಸಿಕೊಂಡ. ನಾನು ಹೊಗಳಿಕೆಗೆ ಕಾದಿದ್ದೆ. ಬಾಯೋರು ಹೇಳಿದ ಕಥೆಯಲ್ಲಿ ಬೈದವನ ಮಾತೇ ಸರಿಯಲ್ಲವೇ.

"ನೀ ಹೇಳಿದ್ದು ಖರೆ, ಮಗಾ. ಒಂದು ಮಾತು ಕೇಳ್ತೆ. ಪಾಂಡಜ್ಜನ ಸಲುವಾಗಿ ಹೇಳ್ದೆಯಾ, ಪೆಟ್ಟು ಬಿತ್ತು ಅಂತ ಹೇಳ್ದೆಯಾ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ನಾನು ಎದ್ದು ಕೇದಿಗೆ ಬೇಲಿ ದಾಟಿ ಪಾಂಡಜ್ಜನ ಮನೆಗೆ ನಡೆದೆ. ಬೆಳಕು ಇನ್ನೂ ಇತ್ತು. ಅವನು ಜಗಲಿಯಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದ. ಅಪ್ಪ ಬೆಳಿಗ್ಗೆಯೇ ಬಂದು ಹೋಗಿದ್ದನಂತೆ. ನಾನು ಬಂದದ್ದಕ್ಕೆ ಅವನಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ.

"ಅಜ್ಜಾ, ಅವತ್ತು ನಾ ಬಾಗಿಲ ಹಿಂದೆ ಇದ್ದೆ. ನೀ ಹೇಳಿದ್ದೆಲ್ಲ ಕೇಳಿದ್ದೆ."

"ಗೊತ್ತದೆ ತಂಗಿ. ನೀ ಹೂ ಕಟ್ತಾ ಇದ್ದೆ. ಬಾಗಿಲ ಸಂದಿಲಿ ನಿನ್ನ ಕಾಲು ಕಾಣ್ತಿತ್ತು."

"ಮತ್ತೆ ಎಲ್ಲರೆದ್ರಿಗೆ ಎಂತಕ್ಕೆ ಹೇಳ್ಲಿಲ್ಲ? ಆ ಹುಡ್ಗಿ ಇದ್ಲು, ಅವ್ಳ ಹತ್ರ ಕೇಳಿ ಅಂದಿದ್ರೆ ಆಗ್ತಿತ್ತಲ್ಲ?"

ಪಾಂಡಜ್ಜ ಕುಟ್ಟುವುದನ್ನು ನಿಲ್ಲಿಸಿದ.

"ಅಪ್ಪನ ಎದ್ರಿಗೆ ಮಗಳನ್ನ ಸಾಕ್ಷಿ ನಿಲ್ಸೂದಾ? ನನ್ನ ಹೆಸ್ರು ಮುದಿ ಹೆಸ್ರು. ನಾಕು ದಿನ ಕೆಟ್ರೆ ಕೆಡ್ಲಿ. ನೀ ಇನ್ನೂ ಅದೇ ಮನೇಲಿ ದೊಡ್ಡೋಳಾಗ್ಬೇಕಲ್ಲ, ತಂಗಿ."

ಅವನ ಜಗಲಿಯ ಮೆಟ್ಟಿಲ ಮೇಲೆ ಕೂತು ನಾನು ಅತ್ತೆ. ಅಪ್ಪ ಹೊಡೆದಾಗ ಅಷ್ಟು ಅತ್ತಿರಲಿಲ್ಲ.